ಲಾಸ್ಟ್ ಬಸ್ಸಿನ ಹನ್ನೊಂದರ ಟ್ರಿಪ್

"ಅಲ್ಲಾಡಬೇಡ, ಸುಮ್ನಿರೇ," ಎಂದು ಕಂಕುಳಲ್ಲಿದ್ದ ಕೋಳಿಯನ್ನು ಗದರಿಸಿ, ಚಿಕ್ಕಮ್ಮ ಅದರ ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಬೆರಳಿಟ್ಟು ಅಳೆದಳು. "ಒಂದೇ ಬೆರಳು. ಅದೂ ಒತ್ತಿ ತುರುಕಿದ್ರೆ. ಹೋಗು, ನಿನ್ನ ಹತ್ರ ಏನೂ ಇಲ್ಲ. ಭಾವ, ಮುಂದಿನವಳನ್ನ ಹಿಡ್ಕೊಡಿ."

ಭಾವ ಹಿತ್ತಲ ಮೂಲೆಗೆ ಓಡಿ ಬಿಳಿ ಕೋಳಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದರು. "ಇವಳ ಹೆಸರು ನಾನ್‌ಸ್ಟಾಪ್. ಸ್ವಲ್ಪ ಮೆಲ್ಲಗೆ ನೋಡಮ್ಮ. ಅವಳಿಗೆ ನಾಚಿಕೆ ಜಾಸ್ತಿ."

"ಮೊಟ್ಟೆ ಇಡೋಕೂ ನಾಚಿಕೆ ಅಂತ ಕಾಣುತ್ತೆ."

ಆರು ವಾರದಿಂದ ಭಾವನ ಆರು ಕೋಳಿಗಳು ಒಂದೇ ಒಂದು ಮೊಟ್ಟೆ ಕೊಟ್ಟಿಲ್ಲ. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಮೊಟ್ಟೆ ತೋರಿಸದಿದ್ದರೆ ಮಹಡಿಯ ಮೇಲಿನ ಮನೆ ಓನರಮ್ಮ ಕರೆಸಿರುವ ಕೋಳಿ ವ್ಯಾಪಾರಿಯ ಗಾಡಿ ಬಂದು ಆರನ್ನೂ ಹೊತ್ತೊಯ್ಯುತ್ತದೆ. ಗಂಟೆ ಆಗಲೇ ಒಂಬತ್ತೂವರೆ.

ಚಿಕ್ಕಮ್ಮ ಬೆಳಗಿನ ಬಸ್ಸಿಗೆ ಬಂದಿಳಿದು ಇನ್ನೂ ಚಪ್ಪಲಿ ಸಹ ಬಿಚ್ಚಿರಲಿಲ್ಲ. ನಿನ್ನೆ ಫೋನಿನಲ್ಲಿ ಅಕ್ಕ ಅತ್ತ ಅಳುವಿಗೆ ಚಿಕ್ಕಮ್ಮನ ಎದೆ ಕರಗಿ ನೀರಾಗಿತ್ತು. "ನೀನೇ ಬರಬೇಕು ಕಣೇ. ನೀನಲ್ದೆ ಇನ್ಯಾರೂ ಇದನ್ನ ಪತ್ತೆ ಹಚ್ಚೋಕಾಗಲ್ಲ," ಎಂದಿದ್ದಳು ಅಕ್ಕ.

ಆ ಮಾತೇನೂ ಉತ್ಪ್ರೇಕ್ಷೆಯಲ್ಲ. ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದ ಸಾಮಾನಿನ ಕೌಂಟರ್ ನೋಡಿಕೊಂಡವಳು ಚಿಕ್ಕಮ್ಮ. ಕೊಡೆ, ಕನ್ನಡಕ, ಹಲ್ಲಿನ ಸೆಟ್ಟು, ಮದುಮಗನೊಬ್ಬನ ಒಂಟಿ ಶೂ, ಎಲ್ಲಕ್ಕೂ ಚೀಟಿ ಕಟ್ಟಿ ವಾರಸುದಾರರನ್ನು ಹುಡುಕಿ ಮುಟ್ಟಿಸಿದವಳು. ಒಮ್ಮೆ ಯಾರೋ ಬಸ್ಸಿನಲ್ಲಿ ಒಂಬತ್ತು ಕೋಳಿಗಳ ಬುಟ್ಟಿ ಬಿಟ್ಟು ಇಳಿದುಹೋಗಿದ್ದರು. ಕೇಳಿಕೊಂಡು ಯಾರೂ ಬರಲಿಲ್ಲ. ಸಿಕ್ಕ ಸಾಮಾನನ್ನು ಮೂರು ತಿಂಗಳು ಜೋಪಾನ ಮಾಡಬೇಕೆಂಬುದು ನಿಯಮ. ಸಾಮಾನು ಕೊಕ್ಕೊಕ್ ಅನ್ನುತ್ತದೆಂದು ನಿಯಮ ಬದಲಾಗುತ್ತದೆಯೇ? ಕೌಂಟರಿನ ಹಿಂದೆ ಮೂರು ತಿಂಗಳು ಕೋಳಿ ಸಾಕಿದಳು ಚಿಕ್ಕಮ್ಮ. ಆಗಲೇ ದನದ ಆಸ್ಪತ್ರೆಯ ಡಾಕ್ಟರು ಈ ಬೆರಳಿನ ಲೆಕ್ಕ ಹೇಳಿಕೊಟ್ಟಿದ್ದು: ಮೊಟ್ಟೆ ಇಡುವ ಕೋಳಿಗೆ ಎಲುಬಿನ ನಡುವೆ ಮೂರು ಬೆರಳು ಆರಾಮಾಗಿ ಹಿಡಿಸುತ್ತದೆ, ನಿಲ್ಲಿಸಿದ ಕೋಳಿಗೆ ಒಂದೇ ಬೆರಳು.

ಎಕ್ಸ್‌ಪ್ರೆಸ್, ಒಂದು ಬೆರಳು. ಶಟಲ್, ಒಂದು ಬೆರಳು. ಡಬಲ್ ಡೆಕ್ಕರ್ ಮೈ ಮಾತ್ರ ದೊಡ್ಡದು, ಅವಳಿಗೂ ಒಂದೇ. ನಾನ್‌ಸ್ಟಾಪ್, ಸ್ಪೇರ್ ಬಸ್, ಎಲ್ಲರದೂ ಅದೇ ಕಥೆ. ಜುಟ್ಟುಗಳೋ, ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗೆ ಪೇಲವ. ಮೂವತ್ತಮೂರು ವರ್ಷ ಬಸ್ಸು ಓಡಿಸಿದ ಭಾವ ತಮ್ಮ ಕೋಳಿಗಳಿಗೆ ಇನ್ನೆಂಥ ಹೆಸರಿಟ್ಟಾರು!

"ಆರನೆಯವಳೆಲ್ಲಿ?"

"ಲಾಸ್ಟ್ ಬಸ್ಸಾ? ಅವಳು ಎಲ್ಲಾದಕ್ಕೂ ಲೇಟು. ಸಂಜೆ ಗೂಡಿಗೆ ಬರೋದರಲ್ಲೂ ಅವಳೇ ಕೊನೆ. ಅದಕ್ಕೇ ಆ ಹೆಸರು."

ನೀರಿನ ತೊಟ್ಟಿಯ ಹಿಂದಿನಿಂದ ಕೆಂಚು ಬಣ್ಣದ ಕೋಳಿಯೊಂದು ರಾಣಿಯ ಠೀವಿಯಿಂದ ಬಂದಿತು. ಜುಟ್ಟು ಕೆಂಪು ಕೆಂಪು. ಚಿಕ್ಕಮ್ಮ ಅದನ್ನು ಬಾಚಿಕೊಂಡು ಬೆರಳಿಟ್ಟಳು. ಒಂದು. ಎರಡು. ಮೂರು.

ಅವಳ ಹುಬ್ಬು ಮೇಲಕ್ಕೇರಿತು. ಇನ್ನೊಮ್ಮೆ ಅಳೆದಳು. ಸುಳ್ಳಲ್ಲ, ಮೂರೇ.

"ಭಾವ, ನಿಮ್ಮ ಮನೇಲಿ ಒಂದಲ್ಲ, ಎರಡು ಕೇಸಿದೆ," ಎಂದಳು. "ಐದು ಕೋಳಿ ಮೊಟ್ಟೆ ಇಡೋದನ್ನ ನಿಲ್ಲಿಸಿಬಿಟ್ಟಿವೆ. ಯಾಕೆ ಅನ್ನೋದು ಮೊದಲನೇ ಕೇಸು. ಈ ಆರನೇ ಸುಂದರಿ ಇಡ್ತಾ ಇದ್ದಾಳೆ. ಹೆಚ್ಚು ಕಮ್ಮಿ ದಿನಾ ಇಡ್ತಾ ಇದ್ದಾಳೆ. ಆ ಮೊಟ್ಟೆಯೆಲ್ಲಾ ಎಲ್ಲಿ ಹೋಗ್ತಿದೆ ಅನ್ನೋದು ಎರಡನೇದು."

ಭಾವ ಕೋಳಿಯ ಮುಖಕ್ಕೇ ಬಗ್ಗಿ ನೋಡಿದರು. "ಲಾಸ್ಟ್ ಬಸ್ ಇಡ್ತಾ ಇದ್ದಾಳಾ? ನನಗೆ ಗೊತ್ತಿಲ್ದೇನಾ?"

"ನಿಮಗೆ ಹೇಳಿ ಇಡಬೇಕು ಅಂತ ಕಾನೂನಿದ್ಯಾ?"

ಅಡುಗೆಮನೆಯ ಕಿಟಕಿಯಿಂದ ಅಕ್ಕ ಇಣುಕಿದಳು. "ಏನಂತೆ ರೀ? ಏನ್ ಹೇಳ್ತಾಳೆ ಇವಳು?"

"ಇಡ್ತಾಳಂತೆ ಕಣೇ! ಲಾಸ್ಟ್ ಬಸ್ ಇಡ್ತಾಳಂತೆ!" ಎಂದು ಭಾವ ಕೂಗಿದ ಸಂಭ್ರಮಕ್ಕೆ ಐದು ಕೋಳಿಗಳೂ ಬೆಚ್ಚಿ ಗೋಡೆಯ ಕಡೆ ಓಡಿದವು.

ಆ ಮುಖ ನೋಡಿ ಚಿಕ್ಕಮ್ಮನಿಗೆ ಹಳೆಯದು ನೆನಪಾಯಿತು. ನಿವೃತ್ತಿಯಾದ ಮೊದಲ ಎಂಟು ತಿಂಗಳು ಇದೇ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕರೆದರೆ ಓಗೊಡುತ್ತಿರಲಿಲ್ಲ. ಬಲಗಾಲು ಮಾತ್ರ ಆಗಾಗ ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಯಾರೋ ಆರು ಮರಿ ತಂದುಕೊಟ್ಟ ಮೇಲೆಯೇ ಭಾವ ಮತ್ತೆ ಮನುಷ್ಯರಾದದ್ದು. ಕೋಳಿ ಹೋದರೆ ಅವರು ಮತ್ತೆ ಆ ಕುರ್ಚಿಗೇ ಹೋಗಿ ಕೂರುತ್ತಾರೆ. ಚಿಕ್ಕಮ್ಮ ಓಡಿ ಬಂದದ್ದು ಮೊಟ್ಟೆಗಾಗಿ ಅಲ್ಲ, ಅದನ್ನು ತಡೆಯುವುದಕ್ಕೆ.

"ಬನ್ನಿ, ಮೊದಲನೇ ಕೇಸು ಮುಗಿಸೋಣ," ಎಂದು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಗೂಡಿನೊಳಗೆ ತಲೆ ತೂರಿಸಿದಳು.

ಗೂಡನ್ನು ಭಾವ ತಮ್ಮ ಕೈಯಾರೆ ಕಟ್ಟಿದ್ದರು. ಮರದ ಹಲಗೆ, ಕಬ್ಬಿಣದ ಜಾಲರಿ, ಕೂರಲು ಅಡ್ಡ ಕೋಲು, ಮೊಟ್ಟೆಗೆಂದು ಹುಲ್ಲು ಹಾಸಿದ ನಾಲ್ಕು ಡಬ್ಬ. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ "ಡಿಪೋ" ಎಂದು ಬರೆದಿತ್ತು. ನೀರು ಶುದ್ಧ. ಕಾಳು ತಾಜಾ. ಇಲಿಯ ಗುರುತಿಲ್ಲ, ಹಾವಿನ ಜಾಡಿಲ್ಲ, ಒಡೆದ ಚಿಪ್ಪಿನ ಚೂರಿಲ್ಲ. ಮೊಟ್ಟೆ ಡಬ್ಬದ ಹುಲ್ಲು ಮಡಿಕೆ ಮುರಿಯದ ಹಾಸಿಗೆಯ ಹಾಗೆ ಅಚ್ಚುಕಟ್ಟಾಗಿತ್ತು.

ಆದರೆ ಕೋಲಿನ ಕೆಳಗೆ ನೋಡಿದಾಗ ಅವಳ ಕಣ್ಣು ನಿಂತಿತು. ಹಿಕ್ಕೆ ಗುಡ್ಡದಂತೆ ಬಿದ್ದಿತ್ತು. ಅವಳು ಹೊರಗೆ ಬಂದು ಹಿತ್ತಲ ನೆಲವನ್ನೊಮ್ಮೆ ಸುತ್ತಿ ನೋಡಿದಳು. ಅಲ್ಲೊಂದು ಇಲ್ಲೊಂದು, ಅಷ್ಟೇ.

"ಗೂಡು ಗುಡಿಸಿ ಎಷ್ಟು ದಿನ ಆಯ್ತು ಭಾವ?"

"ನಿನ್ನೆ ಬೆಳಿಗ್ಗೆ ತಾನೇ ಗುಡಿಸಿದ್ದು! ನನ್ನ ಡಿಪೋ ಬಗ್ಗೆ ಮಾತಾಡಬೇಡ ನೀನು."

"ಒಂದೇ ದಿನಕ್ಕೆ ಇಷ್ಟಾ?" ಚಿಕ್ಕಮ್ಮ ಗೋಡೆಯ ಮೇಲೆ ಮಡಿಸಿಟ್ಟಿದ್ದ ಹಸಿರು ಟಾರ್ಪಾಲನ್ನು ನೋಡಿದಳು. ಅದರ ಹಗ್ಗದ ಕಣ್ಣುಗಳು ದಿನಾ ಕಟ್ಟಿ ಬಿಚ್ಚಿ ಸವೆದು ಹೊಳೆಯುತ್ತಿದ್ದವು. "ರಾತ್ರಿ ನಿದ್ದೆಗೆ ಅಂತ ಕೂತ ಕೋಳಿಗಳ ಕೆಳಗೆ ಇಷ್ಟು ಬೀಳಲ್ಲ. ಇವು ದಿನದ ಮುಕ್ಕಾಲು ಪಾಲು ಕೋಲಿನ ಮೇಲೇ ಕೂತಿವೆ. ಭಾವ, ಆ ಟಾರ್ಪಾಲು ಎಷ್ಟು ಹೊತ್ತಿಗೆ ಮುಚ್ತೀರಿ?"

ಭಾವ ಕತ್ತು ಕೆರೆದುಕೊಂಡರು. "ಸಂಜೆಗೆ."

"ಸಂಜೆ ಅಂದ್ರೆ?"

"ಮೂರು ಗಂಟೆಗೆ."

"ಮೂರು ಗಂಟೆ ಸಂಜೆನಾ? ಸರಿ, ತೆಗೆಯೋದು?"

"ಬೆಳಿಗ್ಗೆ."

"ಭಾವ."

"ಒಂಬತ್ತಕ್ಕೆ."

ಚಿಕ್ಕಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಹದಿನೆಂಟು ಗಂಟೆ! ಜೀವಕ್ಕೆ ಜೀವ ಅನ್ನೋ ಕೋಳಿಗಳನ್ನ ಹದಿನೆಂಟು ಗಂಟೆ ಕತ್ತಲಲ್ಲಿ ಹಾಕಿದ್ದೀರಾ?"

"ಕತ್ತಲಲ್ಲಿ ಹಾಕಿಲ್ಲ!" ಭಾವನ ದನಿ ಏರಿತು. "ರೆಸ್ಟ್ ಕೊಟ್ಟಿದ್ದೀನಿ! ಏನ್ ತಿಳ್ಕೊಂಡಿದ್ದೀಯ ನೀನು? ಇವಕ್ಕೆ ಗರಿ ಉದುರೋಕೆ ಶುರುವಾಯ್ತು. ಆರು ಮೊಟ್ಟೆ ಬರ್ತಿದ್ದಿದ್ದು ನಾಲ್ಕಾಯ್ತು. ಗಾಡಿ ದಣಿದಿದೆ ಅಂತ ಯಾವ ಡ್ರೈವರಿಗಾದ್ರೂ ಗೊತ್ತಾಗುತ್ತೆ. ದಣಿದ ಇಂಜಿನ್ನಿಗೆ ಏನ್ ಮಾಡ್ತಾರೆ? ನಿಲ್ಲಿಸಿ ಆರಿಸ್ತಾರೆ. ಒಂದು ಗಂಟೆ ಜಾಸ್ತಿ ರೆಸ್ಟ್ ಕೊಟ್ಟೆ. ಎರಡಕ್ಕಿಳೀತು. ಇನ್ನೊಂದು ಗಂಟೆ ಕೊಟ್ಟೆ..."

"ಆಮೇಲೆ?"

"ಸೊನ್ನೆ ಆಯ್ತು," ಎಂದು ಭಾವ ಮೆಲ್ಲಗೆ ಹೇಳಿದರು. "ಇನ್ನೂ ಸಾಲದು ಅಂತ ಇನ್ನೂ ಕೊಟ್ಟೆ."

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವ ಮೊದಲು ಮುಖ ಊದಿಸಿಕೊಂಡು ನಿಂತಿದ್ದರು. ಆಮೇಲೆ ಅವರ ಮೀಸೆಯೂ ಅಲುಗಾಡಿತು.

"ಅತಿಯಾದ್ರೆ ಅಮೃತಾನೂ ವಿಷ ಅಂತ ಸುಮ್ನೆ ಹೇಳಿಲ್ಲ ಭಾವ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಗರಿ ಉದುರೋದು ರೋಗ ಅಲ್ಲ. ವರ್ಷಕ್ಕೊಂದು ಸಲ ಹಳೇ ಬಟ್ಟೆ ಬಿಚ್ಚಿ ಹೊಸ ಬಟ್ಟೆ ಹಾಕ್ಕೊಳ್ತವೆ, ಆಗ ಮೊಟ್ಟೆ ಕಮ್ಮಿ ಆಗೋದು ಸಹಜ. ಸುಮ್ನೆ ಬಿಟ್ಟಿದ್ರೆ ಮತ್ತೆ ಇಡ್ತಿದ್ವು. ಕೋಳಿ ಬೆಳಕು ನೋಡಿ ಮೊಟ್ಟೆ ಇಡುತ್ತೆ. ಹದಿನಾಲ್ಕು ಗಂಟೆ ಬೆಳಕು ಬೇಕು ಅದಕ್ಕೆ. ನೀವು ಆರು ಗಂಟೆ ಕೊಟ್ರೆ ಅದು ಏನಂದ್ಕೊಳ್ಳುತ್ತೆ? ಇದು ಕಾಲ ಅಲ್ಲ ಅಂತ ಅಂಗಡಿ ಮುಚ್ಚುತ್ತೆ."

"ಅಂದ್ರೆ... ನಾನೇ?" ಭಾವನ ನಗು ಅರ್ಧಕ್ಕೇ ನಿಂತಿತು. "ಕಳ್ಳನ್ನ ಹುಡುಕೋಕೆ ನಿನ್ನ ಕರೆಸಿದ್ವಿ. ಕಳ್ಳ ನಾನೇನಾ?"

ಅವರ ಕಣ್ಣಲ್ಲಿ ನೀರು ಕಂಡು ಚಿಕ್ಕಮ್ಮ ಥಟ್ಟನೆ ಎದ್ದಳು. ನಾದಿನಿ ಭಾವಂದಿರ ನಡುವೆ ಗೇಲಿಗೆ ಲೆಕ್ಕವಿಲ್ಲ, ಆದರೆ ಗೇಲಿಗೂ ಹೊತ್ತುಗೊತ್ತು ಇದೆ.

"ಕಳ್ಳ ಅಲ್ಲ ಭಾವ. ಪ್ರೀತಿ ಜಾಸ್ತಿ ಮಾಡಿದವರು. ಅದಕ್ಕೆ ಯಾವ ಕೋರ್ಟಲ್ಲೂ ಶಿಕ್ಷೆ ಇಲ್ಲ. ಈಗ ಕೇಳಿ. ಇವತ್ತಿಂದ ಟಾರ್ಪಾಲು ಬಂದ್. ಬೆಳಕು ಹರಿದ ಕೂಡ್ಲೇ ಬಾಗಿಲು ತೆಗೀಬೇಕು, ಹೊತ್ತು ಮುಳುಗಿದ ಮೇಲೆ ಮುಚ್ಚಬೇಕು. ಬೆಳಗಿನ ಜಾವ ಒಂದೆರಡು ಗಂಟೆ ಗೂಡಲ್ಲಿ ಸಣ್ಣ ಬಲ್ಬು ಉರೀಲಿ. ಅನ್ನ, ಬ್ರೆಡ್ಡು ಅಂತ ಸಿಕ್ಕಿದ್ದೆಲ್ಲಾ ಹಾಕಬೇಡಿ. ಮೊಟ್ಟೆ ಕೋಳಿಯ ಆಹಾರಾನೇ ಹಾಕಿ, ಪಕ್ಕದಲ್ಲಿ ಚಿಪ್ಪಿನ ಪುಡಿ ಇಡಿ. ಮೂರು ನಾಲ್ಕು ವಾರದಲ್ಲಿ ಒಬ್ಬೊಬ್ಬಳೇ ಶುರು ಮಾಡ್ತಾಳೆ."

"ಮೂರು ನಾಲ್ಕು ವಾರ!" ಭಾವ ಗಡಿಯಾರ ನೋಡಿಕೊಂಡರು. "ಗಾಡಿ ಬರೋಕೆ ಇನ್ನು ಎರಡು ಗಂಟೆ ಚಿಲ್ಲರೆ ಅಷ್ಟೇ ಕಣಮ್ಮ."

"ಅದಕ್ಕೇ ಐದನ್ನೂ ಮರೆತುಬಿಡಿ. ಈಗ ನಮ್ಮನ್ನ ಕಾಪಾಡೋಳು ಇವಳೊಬ್ಬಳೇ." ಅವಳು ಲಾಸ್ಟ್ ಬಸ್ಸಿನ ಕಡೆ ಗಲ್ಲ ತೋರಿಸಿದಳು. "ಸಂಜೆ ಲೇಟಾಗಿ ಬರೋದ್ರಿಂದ ಇವಳಿಗೆ ನಿಮ್ಮ ರೆಸ್ಟು ಪೂರ್ತಿ ಸಿಕ್ಕಿಲ್ಲ. ಬೆಳಿಗ್ಗೆ ಇವಳು ಎಲ್ಲಿ ಕೂರ್ತಾಳೆ?"

"ಬಾಗಿಲ ಮೂಲೇಲಿ. ಅಲ್ಲಿ ಟಾರ್ಪಾಲು ಹರಿದಿದೆ."

"ನೋಡಿದ್ರಾ! ಹರಕು ಟಾರ್ಪಾಲು ನಿಮ್ಮ ಮಾನ ಉಳಿಸಿದೆ. ಈಗ ಬನ್ನಿ, ಬಚ್ಚಿಟ್ಟುಕೊಳ್ಳೋಣ. ಇವಳು ಎಲ್ಲಿಗೆ ಹೋಗ್ತಾಳೋ ನೋಡೋಣ."

ಭಾವ ಶಟಲ್‌ಳನ್ನು ಬಿಟ್ಟಿರಲೊಲ್ಲದೆ ಎತ್ತಿ ಕಂಕುಳಲ್ಲಿಟ್ಟುಕೊಂಡು ಬಂದರು. ಇಬ್ಬರೂ ಒಣಹಾಕಿದ ಹಾಸಿಗೆ ಹೊದಿಕೆಗಳ ಹಿಂದೆ ಕುಕ್ಕುರುಗಾಲಲ್ಲಿ ಕೂತರು. ಅರವತ್ತು ದಾಟಿದ ಭಾವ, ಅರವತ್ತರ ಅಂಚಿನ ನಾದಿನಿ, ನಡುವೆ ಒಂದು ಕೋಳಿ. ನೋಡಿದವರು ಏನಂದುಕೊಳ್ಳಬೇಕು!

ಹತ್ತಾಯಿತು. ಹತ್ತೂಕಾಲಾಯಿತು. ಲಾಸ್ಟ್ ಬಸ್ ಮಣ್ಣು ಕೆದಕಿದಳು, ಧೂಳಿನಲ್ಲಿ ಹೊರಳಿದಳು, ರೆಕ್ಕೆಯನ್ನು ಒಂದೊಂದಾಗಿ ತಿದ್ದಿಕೊಂಡಳು. ಯಾವ ಅವಸರವೂ ಇಲ್ಲ.

"ನನ್ನ ಮಂಡಿ ಹೋಯ್ತು," ಎಂದು ಭಾವ ಪಿಸುಗುಟ್ಟಿದರು.

"ಮೂವತ್ತಮೂರು ವರ್ಷ ಸೀಟಲ್ಲೇ ಕೂತ್ರೆ ಇನ್ನೇನಾಗುತ್ತೆ? ಶ್!"

ಹತ್ತೂಮುಕ್ಕಾಲಿಗೆ ಅಡುಗೆಮನೆಯಲ್ಲಿ ಅಕ್ಕ ರೇಡಿಯೊ ಹಾಕಿದಳು. ದನಿ ಎಷ್ಟು ಜೋರೆಂದರೆ ಕಿಟಕಿಯ ಗಾಜು ಝಣಝಣ ಎಂದಿತು. ಆ ಹಾಡಿಗೆ ಕಾದಿದ್ದವಳ ಹಾಗೆ ಲಾಸ್ಟ್ ಬಸ್ ತಲೆ ಎತ್ತಿದಳು. ಆಚೆ ಈಚೆ ನೋಡಿದಳು. ಗೋಡೆಯ ಬದಿ ಹಿಡಿದು, ಹಿಂದೆ ತಿರುಗದೆ, ಮನೆಯ ಪಕ್ಕದ ಓಣಿಗೆ ಇಳಿದಳು.

ಇವರಿಬ್ಬರೂ ತುದಿಗಾಲಲ್ಲಿ ಹಿಂದೆ ನಡೆದರು. ಓಣಿಯ ಕೊನೆಯಲ್ಲಿ ಮಹಡಿಗೆ ಹೋಗುವ ಕಬ್ಬಿಣದ ಮೆಟ್ಟಿಲು. ಅದರ ಬುಡದಲ್ಲಿ ಮೊಣಕಾಲೆತ್ತರದ ಗೇಟು. ಬೆಳಿಗ್ಗೆ ಬರುವಾಗ ಆ ಗೇಟಿನ ಚಿಲಕ ಹಾಕಿದ್ದನ್ನು ಚಿಕ್ಕಮ್ಮ ನೋಡಿದ್ದಳು. ಈಗ ಅದು ತೆರೆದಿತ್ತು. ಒಂದು ಕೋಳಿ ನುಸುಳುವಷ್ಟೇ ತೆರೆದಿತ್ತು.

"ಟಕ್, ಟಕ್, ಟಕ್" ಎಂದು ಲಾಸ್ಟ್ ಬಸ್ ಮೆಟ್ಟಿಲು ಹತ್ತತೊಡಗಿದಳು.

"ಓನರಮ್ಮನ ಮನೆಗಾ?" ಭಾವ ಮೆಟ್ಟಿಲ ಕಂಬಿ ಹಿಡಿದು ನಿಂತರು. "ಅಯ್ಯಯ್ಯೋ, ನೇರ ಹುಲಿ ಬಾಯಿಗೇ ಹೋಗ್ತಿದ್ದಾಳಲ್ಲೇ!"

ಓನರಮ್ಮ ನಕ್ಕದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಮೊಟ್ಟೆಗಾದರೆ ಸಾಕಿ, ಆಟಕ್ಕಾದರೆ ಬೇಡ ಎಂದು ಮೊದಲ ದಿನವೇ ಷರತ್ತು ಹಾಕಿದ್ದವರು. ಕಳೆದ ವಾರ ಕೆಳಗಿಳಿದು ಬಂದು, "ಆರು ಕೋಳಿ, ಒಂದೂ ಮೊಟ್ಟೆ ಇಲ್ಲ ಅಂತೀರಿ. ಶನಿವಾರ ಹನ್ನೆರಡು ಗಂಟೆಗೆ ತೀರ್ಮಾನ," ಎಂದಷ್ಟೇ ಹೇಳಿ ಹೋಗಿದ್ದರು.

ಚಿಕ್ಕಮ್ಮ ಮೆಟ್ಟಿಲು ಹತ್ತಿ, ವರಾಂಡದ ಕಂಬದ ಮರೆಯಿಂದ ಇಣುಕಿದಳು. ನೋಡಿದ ದೃಶ್ಯಕ್ಕೆ ಮೂಗಿನ ಮೇಲೆ ಬೆರಳಿಟ್ಟಳು.

ಓನರಮ್ಮ ನೆಲದ ಮೇಲೆ ಕೂತಿದ್ದರು. ಮುಂದೆ ಹಳೇ ಶಾಲು ಹಾಸಿದ ಬೆತ್ತದ ಬುಟ್ಟಿ. ಬುಟ್ಟಿಯಲ್ಲಿ ಲಾಸ್ಟ್ ಬಸ್.

"ಬಾ ಬಾ, ನನ್ನ ಚಿನ್ನ," ಎನ್ನುತ್ತಿದ್ದರು ಓನರಮ್ಮ. ಕಡ್ಡಿ ಮುರಿದಂತೆ ಮಾತಾಡುವ ಅದೇ ಬಾಯಿ! "ಇವತ್ತು ಎರಡು ನಿಮಿಷ ಲೇಟು. ಇರಲಿ, ಇರಲಿ. ಅವಸರ ಇಲ್ಲ. ಹಾಂ... ಹಾಗೇ... ಶಾಭಾಷ್!"

ಲಾಸ್ಟ್ ಬಸ್ ಎದ್ದು ನಿಂತು, ಲೋಕಕ್ಕೆಲ್ಲ ಕೇಳುವಂತೆ "ಕೊಕ್ ಕೊಕ್ ಕೊಕ್ಕೋ" ಎಂದು ಸಾರಿದಳು. ಬುಟ್ಟಿಯಲ್ಲಿ ಒಂದು ಕೆಂಚು ಮೊಟ್ಟೆ.

"ನನ್ನ ಕೋಳಿ!" ಭಾವನಿಗೆ ತಡೆಯಲಾಗಲಿಲ್ಲ. ಶಟಲ್‌ಳನ್ನು ಅವಚಿಕೊಂಡು ಒಳಗೆ ನುಗ್ಗಿದರು. "ಇಟ್ಟಳು! ನನ್ನ ಕೋಳಿ ಮೊಟ್ಟೆ ಇಟ್ಟಳು! ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತಲ್ಲಪ್ಪಾ!"

ಓನರಮ್ಮ ಒಂದು ಕ್ಷಣ ಬೆಚ್ಚಿದರು. ಮರುಕ್ಷಣ ಮುಖ ಗಂಟಿಕ್ಕಿ ಎದ್ದು ನಿಂತರು. "ಬನ್ನಿ, ಬನ್ನಿ. ಕೊನೆಗೂ ಒಪ್ಪಿಕೊಂಡ್ರಲ್ಲ. ಆರು ವಾರದಿಂದ ಒಂದೂ ಮೊಟ್ಟೆ ಇಲ್ಲ ಅಂತ ನನ್ನ ಮುಖ ನೋಡಿ ಸುಳ್ಳು ಹೇಳಿದ್ರಲ್ಲ, ಡ್ರೈವರ್ ಸಾಹೇಬ್ರೇ? ಒಂದು ಕೋಳಿ ದಿನಾ ನನ್ನ ಕಣ್ಣೆದುರಿಗೇ ಇಡ್ತಿದೆ. ಮಿಕ್ಕ ಐದರ ಮೊಟ್ಟೆ ಎಲ್ಲಿ ಬಚ್ಚಿಟ್ಟಿದ್ದೀರಿ?"

"ನಾನಾ? ಬಚ್ಚಿಡೋದಾ?"

"ಸಾಕ್ಷಿ ಇದೆ," ಎಂದು ಓನರಮ್ಮ ಫ್ರಿಜ್ಜಿನ ಬಾಗಿಲು ಧಡಾರನೆ ತೆರೆದರು.

ಒಳಗೆ ಸಾಲು ಸಾಲು ಮೊಟ್ಟೆ. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ನಂಬರು, ತಾರೀಕು, ಗಂಟೆ. ಪ್ರತಿ ಹತ್ತಕ್ಕೊಂದು ಚೀಟಿ. ಮೂವತ್ತೊಂದು ಮೊಟ್ಟೆ, ಒಂದನ್ನೂ ಮುಟ್ಟಿಲ್ಲ. ಓನರಮ್ಮ ಇವತ್ತಿನ ಬಿಸಿ ಮೊಟ್ಟೆಯನ್ನು ಎತ್ತಿ, ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, "ಮೂವತ್ತೆರಡು. ಹದಿನೈದನೇ ತಾರೀಕು. ಹನ್ನೊಂದು ಗಂಟೆ ನಾಲ್ಕು ನಿಮಿಷ," ಎಂದು ಬರೆದರು.

"ನೀವು ಏನ್ ಕೆಲಸದಲ್ಲಿದ್ರಿ?" ಚಿಕ್ಕಮ್ಮ ಫ್ರಿಜ್ಜಿನತ್ತ ಬಗ್ಗಿ ಕೇಳಿದಳು.

"ಕೋರ್ಟಲ್ಲಿ. ಸಾಕ್ಷಿಯ ಸಾಮಾನಿಡೋ ಕೋಣೆ ನನ್ನ ಕೈಯಲ್ಲಿತ್ತು. ಇಪ್ಪತ್ತಾರು ವರ್ಷ."

"ಚೀಟಿ ಎಷ್ಟು ಚೆನ್ನಾಗಿ ಕಟ್ಟಿದ್ದೀರಿ!" ಎಂದಳು ಚಿಕ್ಕಮ್ಮ. ಮನಸ್ಸಿಂದಲೇ ಬಂದ ಮಾತು. "ನಾನು ಬಸ್ ಸ್ಟ್ಯಾಂಡಲ್ಲಿ ಕಳೆದುಹೋದ ಸಾಮಾನು ನೋಡ್ಕೊಳ್ತಿದ್ದೆ. ನನ್ನ ಚೀಟಿಗೆ ಗಂಟೆ ಬರೆಯೋದು ನನಗೆ ಹೊಳೆದೇ ಇರಲಿಲ್ಲ."

ಓನರಮ್ಮನ ಗಂಟು ಮುಖ ಒಂಚೂರು ಸಡಿಲಾಯಿತು. ಹೊಗಳಿಕೆಗೆ ಸೋಲದವರು ಯಾರು? ಅದೂ ಕಸುಬು ಬಲ್ಲವರ ಹೊಗಳಿಕೆಗೆ.

"ಕೈ ಕೊಡಿ," ಎಂದಳು ಚಿಕ್ಕಮ್ಮ. "ನಮ್ಮ ಭಾವ ಸುಳ್ಳು ಹೇಳಿಲ್ಲ. ನನ್ನ ಮಾತು ನಂಬಬೇಡಿ, ನಿಮ್ಮ ಬೆರಳನ್ನೇ ಕೇಳಿ."

ಲಾಸ್ಟ್ ಬಸ್ಸಿನ ಎಲುಬಿನ ನಡುವೆ ಓನರಮ್ಮನ ಮೂರು ಬೆರಳು ಹಿಡಿಸಿದವು. ಭಾವನ ಕಂಕುಳಲ್ಲಿದ್ದ ಶಟಲ್‌ಗೆ ಒಂದು ಬೆರಳೂ ಕಷ್ಟವಾಯಿತು. ಅವರು ಎರಡೆರಡು ಸಲ ನೋಡಿದರು. ಚಿಕ್ಕಮ್ಮ ಟಾರ್ಪಾಲಿನ ಕಥೆ ಹೇಳಿದಳು. ಕೇಳುತ್ತ ಕೇಳುತ್ತ ಓನರಮ್ಮನ ತುಟಿ ನಡುಗಿತು, ಭುಜ ಕುಣಿಯಿತು, "ರೆಸ್ಟ್" ಎಂಬಲ್ಲಿಗೆ ಬರುವಾಗ ಅವರು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಬೀದಿಯವರು ಯಾರೂ ಕಾಣದ ಆ ನಗು ಕೊನೆಗೂ ಹೊರಬಿದ್ದಿತು, ಫ್ರಿಜ್ಜಿನಲ್ಲಿದ್ದ ಮೊಟ್ಟೆಗಳೂ ಅಲುಗುವಷ್ಟು ಜೋರಾಗಿ.

"ಆಯ್ತು," ಎಂದು ಅವರು ಕಣ್ಣೊರೆಸಿಕೊಂಡರು. "ಐದು ಜನ ನಿರಪರಾಧಿಗಳು. ಆರನೆಯವಳು ಪ್ರಾಮಾಣಿಕಳು. ಗಾಡಿಯವನಿಗೆ ಬರಬೇಡ ಅಂತ ಫೋನ್ ಮಾಡ್ತೀನಿ. ಕೋಳಿ ಇರಲಿ ಡ್ರೈವರ್ ಸಾಹೇಬ್ರೇ. ಎಷ್ಟು ದಿನ ಬೇಕಾದ್ರೂ ಇರಲಿ."

ಭಾವ ಮೂವತ್ತೆರಡನೇ ನಂಬರಿನ ಬಿಸಿ ಮೊಟ್ಟೆಯನ್ನು ಒಂದು ಕೈಯಲ್ಲಿ, ಶಟಲ್‌ಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮಂಡಿ ನೋವನ್ನೂ ಮರೆತು ಮೆಟ್ಟಿಲು ಇಳಿದು ಓಡಿದರು. "ಗೆದ್ವಿ ಕಣೇ! ಬಾರೇ ಹೊರಗೆ! ಎಕ್ಸ್‌ಪ್ರೆಸ್, ಡಬಲ್ ಡೆಕ್ಕರ್, ಎಲ್ಲಾ ಬನ್ನಿ!" ಎಂಬ ಕೂಗು ಹಿತ್ತಲಿನಿಂದ ಕೇಳಿಬಂದಿತು. ಹಿಂದೆಯೇ ಲಾಸ್ಟ್ ಬಸ್ ತನ್ನ ಪಾಡಿಗೆ ತಾನು ಒಂದೊಂದೇ ಮೆಟ್ಟಿಲು ಇಳಿದಳು.

ಚಿಕ್ಕಮ್ಮ ನಗುತ್ತಲೇ ಹೊರಡಲು ತಿರುಗಿದಳು. ಓನರಮ್ಮ ತಡೆದರು.

"ಒಂದು ನಿಮಿಷ. ನಿಮ್ಮ ಭಾವ ಸುಳ್ಳು ಹೇಳಿಲ್ಲ, ಒಪ್ಪಿದೆ. ಆದ್ರೆ ನಾನು ಅನುಮಾನ ಪಟ್ಟಿದ್ದು ಸುಮ್ಮಸುಮ್ಮನೆ ಅಲ್ಲ." ಅವರು ಮೇಜಿನ ಖಾನೆಯಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಅದಕ್ಕೂ ದಾರ ಕಟ್ಟಿ ಚೀಟಿ ಹಾಕಿದ್ದರು. "ಕೋಳಿ ಮೊದಲ ಸಲ ಬಂದ ದಿನ ಇದು ನನ್ನ ಬಾಗಿಲ ಸಂದಿಯಲ್ಲಿತ್ತು. ಸಹಿ ಇಲ್ಲ."

ಚಿಕ್ಕಮ್ಮ ಕಾಗದ ಬಿಡಿಸಿದಳು.

"ಈ ಕೆಂಚು ಕೋಳಿ ದಿನಾ ಹನ್ನೊಂದಕ್ಕೆ ನಿಮ್ಮಲ್ಲಿಗೆ ಬರುವ ಹಾಗೆ ಮಾಡುತ್ತೇನೆ. ಗೇಟು ನಾನೇ ತೆಗೆದಿಡುತ್ತೇನೆ. ಹಿತ್ತಲಲ್ಲಿ ಅದು ಮೊಟ್ಟೆ ಇಡುತ್ತಿದ್ದ ಮೂಲೆಯಲ್ಲಿ ನಾನೊಂದು ಸಾಮಾನು ಬಚ್ಚಿಟ್ಟಿದ್ದೇನೆ. ಮೊಟ್ಟೆ ನೀವೇ ಇಟ್ಟುಕೊಳ್ಳಿ. ಕೆಳಗಿನ ಮನೆಯಲ್ಲಿ ಯಾರಿಗೂ ತಿಳಿಯಬಾರದು, ದಮ್ಮಯ್ಯ. ಮುಂದಿನ ತಿಂಗಳು ಹದಿನಾರನೇ ತಾರೀಕು ದಾಟಿದರೆ ಸಾಕು."

ಹದಿನಾರು. ನಾಳೆ.

ಅವಳು ಓದಿದ್ದನ್ನೇ ಇನ್ನೊಮ್ಮೆ ಓದಿದಳು. ಬರೆದದ್ದು ಏನೆಂದು ನೋಡಲು ಅಲ್ಲ, ಬರೆದ ಕೈ ನೋಡಲು. ಒತ್ತಕ್ಷರವನ್ನು ಕೆಳಗಿನ ಗೆರೆಗೆ ತಾಗುವಷ್ಟು ಉದ್ದ ಎಳೆಯುವ ಆ ಕೈಬರಹ ಲಕ್ಷ ಚೀಟಿಗಳ ನಡುವೆ ಬಿದ್ದಿದ್ದರೂ ಅವಳಿಗೆ ಗುರುತು ಸಿಗುತ್ತಿತ್ತು. ಶಾಲೆಗೆ ಹೋಗುವಾಗ ಅವಳ ಪುಸ್ತಕದ ರಟ್ಟಿನ ಮೇಲೆಲ್ಲ ಹೆಸರು ಬರೆದುಕೊಟ್ಟದ್ದು ಇದೇ ಕೈ. ಅವಳಿಗೆ ಅಕ್ಷರ ತಿದ್ದಿಸಿದ್ದೂ ಇದೇ ಕೈ.

ನಿನ್ನೆ ಫೋನಿನಲ್ಲಿ ಅತ್ತು ಅವಳನ್ನು ಕರೆಸಿದವಳ ಕೈ.

"ಯಾರದ್ದು ಅಂತ ಗೊತ್ತಾಯ್ತಾ?" ಎಂದು ಓನರಮ್ಮ ಕೇಳಿದರು.

ಇಪ್ಪತ್ತೆಂಟು ವರ್ಷದಲ್ಲಿ ಸಿಕ್ಕ ಸಾಮಾನನ್ನು ಚಿಕ್ಕಮ್ಮ ಒಂದು ಸಲವೂ ಬಚ್ಚಿಟ್ಟವಳಲ್ಲ. ಈಗ ಆ ಕಾಗದವನ್ನು ಮಡಿಸಿ ಪರ್ಸಿನ ಒಳ ಜೇಬಿಗೆ ಸೇರಿಸಿದಳು. "ಇಲ್ಲ. ನಾಳೆ ಹೇಳ್ತೀನಿ," ಎಂದಳು.

ಅವಳು ಮೆಟ್ಟಿಲ ತಲೆಗೆ ಬರುವಷ್ಟರಲ್ಲಿ ಕೆಳಗೆ ಅಕ್ಕ ನಿಂತಿದ್ದಳು. ಹಿತ್ತಲಲ್ಲಿ ಭಾವ ಮಗುವಿನ ಹಾಗೆ ನಗುವುದು ಕೇಳುತ್ತಿತ್ತು. ಅಕ್ಕನ ಮುಖವೂ ನಗುತ್ತಿತ್ತು, ಕಣ್ಣಲ್ಲಿ ನೀರಿತ್ತು, ಎರಡೂ ಸುಳ್ಳಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಕತ್ತೆತ್ತಿ ನೋಡಿದಳು.

"ಸಿಕ್ತಂತಲ್ಲೇ! ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು!"

"ಸಿಕ್ತು ಅಕ್ಕ," ಎಂದಳು ಚಿಕ್ಕಮ್ಮ.

ಅಕ್ಕ ಒಂದು ಮೆಟ್ಟಿಲು ಹತ್ತಿದಳು. ಹಿತ್ತಲ ಕಡೆಗೊಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದಳು:

"ಬರೀ ಮೊಟ್ಟೆ ತಾನೇ ಸಿಕ್ಕಿದ್ದು?"